ಶಾಲೆಯ ಈಜುಕೊಳದಲ್ಲಿ ಶಾರ್ಕ್: ಖಾಲಿ ಬಿದ್ದ ಒಂದು ಸರ್ಕಾರಿ ಕಟ್ಟಡದ ಪ್ರಕರಣ

ಮೂರು ಮಹಡಿಯ ಒಂದು ಪ್ರಾಥಮಿಕ ಶಾಲೆ. ಒಳಗೆ ಕೈ ತೊಳೆಯುವ ಉದ್ದನೆಯ ತೊಟ್ಟಿ, ಅದರ ಮೇಲೆ ಸಾಲಾಗಿ ನಲ್ಲಿಗಳು. ಹೊರಗೆ 25 ಮೀಟರ್ ಉದ್ದದ ಈಜುಕೊಳ. ಇಷ್ಟರವರೆಗೆ ವಿಶೇಷವೇನೂ ಇಲ್ಲ. ಆದರೆ ಆ ತೊಟ್ಟಿಯಲ್ಲಿ ಈಗ ಚಿಕ್ಕ ಚಿಕ್ಕ ಕಡಲ ಜೀವಿಗಳಿವೆ. ತರಗತಿಯ ಜಾಗದಲ್ಲಿ ದೊಡ್ಡ ದುಂಡನೆಯ ತೊಟ್ಟಿಗಳು, ಅವುಗಳಲ್ಲಿ ಕಡಲಾಮೆ. ಮಕ್ಕಳು ಹಾರಿ ದಾಟುತ್ತಿದ್ದ ವ್ಯಾಯಾಮದ ಮರದ ಪೆಟ್ಟಿಗೆಯೂ ಮೀನಿನ ತೊಟ್ಟಿಯಾಗಿದೆ. ಈಜುಕೊಳದಲ್ಲಿ ಸುತ್ತಿಗೆ ತಲೆಯ ಶಾರ್ಕ್ ಸುತ್ತುತ್ತದೆ.

ಇದು ಜಪಾನಿನ ಮುರೊಟೊ ಎಂಬ ಸಣ್ಣ ಊರಿನ ಪ್ರಕರಣ. ಶಿಕೊಕು ದ್ವೀಪದ ಕೋಚಿ ಪ್ರಾಂತ್ಯದಲ್ಲಿ, ಪೆಸಿಫಿಕ್ ಸಾಗರದ ಕಡೆಗೆ ಚಾಚಿಕೊಂಡ ಭೂಶಿರದ ಮೇಲೆ ಈ ಊರಿದೆ. ಇಲ್ಲಿನ ಶೀನಾ ಎಂಬ ಮೀನುಗಾರರ ಹಳ್ಳಿಯ ಶಾಲೆ 2006ರಲ್ಲಿ ಮುಚ್ಚಿತು. 2018ರ ಏಪ್ರಿಲ್ 26ರಂದು ಅದೇ ಕಟ್ಟಡ ಮತ್ಸ್ಯಾಲಯವಾಗಿ ಬಾಗಿಲು ತೆರೆಯಿತು. ಹೆಸರಲ್ಲೇ ವಿಷಯ ಮುಚ್ಚಿಟ್ಟಿಲ್ಲ: ‘ಮುರೊಟೊ ಹೈಕೋ ಸುಇಝೊಕುಕಾನ್’, ಅಂದರೆ ‘ಮುರೊಟೊದ ಮುಚ್ಚಿದ ಶಾಲೆಯ ಮತ್ಸ್ಯಾಲಯ’. ಕಟ್ಟಡ ನಗರಸಭೆಯದ್ದು. ನಡೆಸುವುದು ಒಂದು ಖಾಸಗಿ ಸಂಸ್ಥೆ.

ಇಂಥ ಕಥೆಗಳನ್ನು ಸಾಮಾನ್ಯವಾಗಿ ‘ಎಂಥಾ ಐಡಿಯಾ!’ ಎಂದು ಹೇಳಿ ಮುಗಿಸುತ್ತಾರೆ. ನನಗೆ ಐಡಿಯಾಗಿಂತ ಅದರ ಹಿಂದಿನ ಹಂಚಿಕೆ ಜಾಸ್ತಿ ಆಸಕ್ತಿಯದ್ದು. ಯಾರು ದುಡ್ಡು ಹಾಕಿದರು, ಯಾರು ನಷ್ಟದ ಭಯ ಹೊತ್ತರು, ಕಟ್ಟಡ ಮೊದಲು ಬಂತೋ ಬಳಸುವವರು ಮೊದಲು ಬಂದರೋ. ಅದನ್ನೇ ಬಿಡಿಸಿ ನೋಡೋಣ.

ಒಂದಲ್ಲ, ಸಾವಿರಾರು ಶಾಲೆ

ಶೀನಾ ಶಾಲೆ ಒಂಟಿಯಲ್ಲ. ಜಪಾನಿನಲ್ಲಿ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ. ವರ್ಷಕ್ಕೆ ಸುಮಾರು 450 ಶಾಲೆಗಳು ಮುಚ್ಚುತ್ತವೆ. ಅಲ್ಲಿನ ಶಿಕ್ಷಣ ಸಚಿವಾಲಯ 2021ರ ಮೇ ತಿಂಗಳಲ್ಲಿ ಲೆಕ್ಕ ತೆಗೆಯಿತು. 2002ರಿಂದ 2020ರವರೆಗಿನ ಆರ್ಥಿಕ ವರ್ಷಗಳಲ್ಲಿ ಒಟ್ಟು 8,580 ಸರ್ಕಾರಿ ಶಾಲೆಗಳು ಮುಚ್ಚಿದ್ದವು. ಅದರಲ್ಲಿ 7,398 ಕಟ್ಟಡಗಳು ಇನ್ನೂ ನಿಂತಿದ್ದವು. 5,481 ಯಾವುದೋ ಒಂದು ಬಳಕೆಯಲ್ಲಿದ್ದವು, ಅಂದರೆ ಶೇ. 74. ಉಳಿದ 1,917 ಕಟ್ಟಡಗಳು ಸುಮ್ನೆ ನಿಂತಿದ್ದವು.

ಶೇ. 74 ಒಳ್ಳೆಯ ಅಂಕಿ ಅನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ‘ಬಳಕೆ’ಯಲ್ಲಿ ಬೇರೆ ಶಾಲೆಗೆ ಕೊಟ್ಟದ್ದು, ಆಟದ ಹಾಲ್ ಆಗಿ ಬಿಟ್ಟದ್ದು, ಸಮುದಾಯ ಭವನ ಮಾಡಿದ್ದು ಎಲ್ಲವೂ ಸೇರಿದೆ. ಪಟ್ಟಣದ ನಡುವೆ ಇರುವ ಶಾಲೆಗೆ ಹೊಸ ಬಾಡಿಗೆದಾರ ಸಿಗುವುದು ಸುಲಭ. ಕಷ್ಟ ಇರುವುದು ರೈಲು ಇಲ್ಲದ, ಜನ ಖಾಲಿಯಾಗುತ್ತಿರುವ ಊರುಗಳಲ್ಲಿ. ಶಾಲೆ ಮುಚ್ಚುವುದಕ್ಕೆ ಯಾವ ಕಾರಣವೋ ಅದೇ ಕಾರಣಕ್ಕೆ ಅಲ್ಲಿ ಹೊಸ ಬಾಡಿಗೆದಾರನೂ ಸಿಗುವುದಿಲ್ಲ.

ಮುರೊಟೊ ಅಂಥ ಊರೇ. ನಗರಸಭೆ ವ್ಯಾಪ್ತಿಯಲ್ಲಿ ಒಂದೂ ರೈಲು ನಿಲ್ದಾಣವಿಲ್ಲ. ಪ್ರಾಂತ್ಯದ ರಾಜಧಾನಿ ಕೋಚಿ ನಗರದಿಂದ ಕಾರಿನಲ್ಲಿ ಬಂದರೆ ಸುಮಾರು ಎರಡು ಗಂಟೆ. ಒಂದು ಕಾಲಕ್ಕೆ ದೂರದ ಸಮುದ್ರಕ್ಕೆ ಟ್ಯೂನಾ ಹಿಡಿಯಲು ಹೋಗುವ ದೋಣಿಗಳಿಂದ ಊರು ತುಂಬಿತ್ತು. ಆಮೇಲೆ ಆ ಕಸುಬು ಇಳಿಯಿತು, ಜನ ಹೊರಟರು, ಮಕ್ಕಳು ಕಡಿಮೆಯಾದರು.

ಖಾಲಿ ಕಟ್ಟಡ ಅಂದರೆ ಖರ್ಚು

ಹೊರಗಿನವರಿಗೆ ಖಾಲಿ ಸರ್ಕಾರಿ ಕಟ್ಟಡ ಕಂಡರೆ ‘ಬಿಟ್ಟಿ ಆಸ್ತಿ’ ಅನಿಸುತ್ತದೆ. ಒಳಗಿನವರಿಗೆ ಅದು ತಿಂಗಳ ಬಿಲ್. ಹುಲ್ಲು ಕತ್ತರಿಸಬೇಕು. ತಾರಸಿ ಸೋರದ ಹಾಗೆ ನೋಡಿಕೊಳ್ಳಬೇಕು. ಕಿಟಕಿ ಒಡೆದರೆ ಮುಚ್ಚಬೇಕು. ಕೆಡವೋಣ ಅಂದರೆ ಕಾಂಕ್ರೀಟ್ ಕಟ್ಟಡ ಒಡೆಯುವುದಕ್ಕೂ ದೊಡ್ಡ ಮೊತ್ತ ಬೇಕು. ಕೆಡವಿದ ಮೇಲೆ ಉಳಿಯುವುದು ಖಾಲಿ ಜಾಗ, ಅದನ್ನು ಕೊಳ್ಳುವವರೂ ಇಲ್ಲ. ಹಾಗಾಗಿ ‘ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ’ ಎನ್ನುವುದೇ ಎಲ್ಲಾ ಕಡೆ ಅಘೋಷಿತ ನೀತಿ. ಶೀನಾ ಶಾಲೆ ಮುಚ್ಚಿದ್ದಕ್ಕೂ ಮತ್ಸ್ಯಾಲಯ ತೆರೆದಿದ್ದಕ್ಕೂ ನಡುವೆ 12 ವರ್ಷ ಇದೆ. ಈ ಹನ್ನೆರಡು ವರ್ಷವನ್ನು ಮರೆತು ಕಥೆ ಹೇಳಬಾರದು.

ಇನ್ನೊಂದು ಸಿಕ್ಕು ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಸರ್ಕಾರಿ ಶಾಲೆ ಕಟ್ಟಲು ಕೇಂದ್ರ ಸರ್ಕಾರ ಅನುದಾನ ಕೊಟ್ಟಿರುತ್ತದೆ. ಶಾಲೆಗಾಗಿ ಕೊಟ್ಟ ದುಡ್ಡು. ಆ ಕಟ್ಟಡವನ್ನು ಬೇರೆ ಕೆಲಸಕ್ಕೆ ಬಳಸಿದರೆ ಅನುಮತಿ ಬೇಕು, ಉಳಿದ ಅವಧಿಗೆ ತಕ್ಕ ಹಣ ವಾಪಸ್ ಕಟ್ಟಬೇಕಾಗಿಯೂ ಬರಬಹುದು. ಅಂದರೆ ಖಾಲಿ ಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಬಳಸಲು ಹೊರಟರೆ ಮಾತ್ರ ಸಾಲ ನೆನಪಾಗುತ್ತದೆ. ಎಂಥ ವಿಚಿತ್ರ! ಜಪಾನ್ ಸರ್ಕಾರ 2008ರಲ್ಲಿ ಈ ನಿಯಮವನ್ನು ಸಾಕಷ್ಟು ಸಡಿಲ ಮಾಡಿತು. ಅನುದಾನದ ಕಾಮಗಾರಿ ಮುಗಿದು 10 ವರ್ಷ ಕಳೆದಿದ್ದು, ಕಟ್ಟಡವನ್ನು ಉಚಿತವಾಗಿ ಕೊಟ್ಟರೆ ಹಣ ವಾಪಸ್ ಮಾಡಬೇಕಾಗಿಲ್ಲ ಎಂಬಂಥ ರಿಯಾಯಿತಿ ಬಂತು. 2010ರಲ್ಲಿ ಶಿಕ್ಷಣ ಸಚಿವಾಲಯ ‘ಎಲ್ಲರ ಮುಚ್ಚಿದ ಶಾಲೆ’ ಎಂಬ ಯೋಜನೆ ಶುರು ಮಾಡಿ, ಖಾಲಿ ಶಾಲೆಗಳ ಪಟ್ಟಿಯನ್ನು ಒಂದೇ ಕಡೆ ಪ್ರಕಟಿಸತೊಡಗಿತು. ಮನೆ ಬಾಡಿಗೆಗೆ ಇದೆ ಎಂದು ಬೋರ್ಡ್ ಹಾಕಿದ ಹಾಗೆ.

ಬೋರ್ಡ್ ಹಾಕಿದರೆ ಸಾಕೇ? ಪಟ್ಟಣದಲ್ಲಿ ಸಾಕಾಗಬಹುದು. ಭೂಶಿರದ ತುದಿಯ ಹಳ್ಳಿಯಲ್ಲಿ ಸಾಕಾಗುವುದಿಲ್ಲ.

ಆಮೆಯವರು

ಜಪಾನಿನಲ್ಲಿ ‘ನಿಹೊನ್ ಉಮಿಗಾಮೆ ಕ್ಯೋಗಿಕಾಯ್’ ಎಂಬ ಸಂಸ್ಥೆ ಇದೆ. ಜಪಾನ್ ಕಡಲಾಮೆ ಸಂಘ ಅನ್ನಬಹುದು. 1990ರಲ್ಲಿ ಶುರುವಾದದ್ದು, ಮುಖ್ಯ ಕಚೇರಿ ಒಸಾಕಾ ಪ್ರಾಂತ್ಯದ ಹಿರಾಕಾಟಾದಲ್ಲಿ. ಲಾಭಕ್ಕಾಗಿ ಇರುವ ಕಂಪನಿ ಅಲ್ಲ. ಕಡಲಾಮೆಗಳ ಬಗ್ಗೆ ಸಂಶೋಧನೆ ಮಾಡುವುದು, ಅವುಗಳನ್ನು ಉಳಿಸುವುದು ಇದರ ಕೆಲಸ. ಉತ್ತರ ಪೆಸಿಫಿಕ್‌ನ ಲಾಗರ್‌ಹೆಡ್ ಆಮೆಗಳು ಮೊಟ್ಟೆ ಇಡಲು ಬರುವುದು ಹೆಚ್ಚುಕಮ್ಮಿ ಜಪಾನಿನ ಮರಳಿಗೇ. ಹಾಗಾಗಿ ಅಲ್ಲಿ ಈ ಕೆಲಸಕ್ಕೆ ಕೊರತೆಯಿಲ್ಲ.

ಈ ಸಂಘದವರಿಗೆ ಮುರೊಟೊ ಹೊಸ ಊರಲ್ಲ. ಮತ್ಸ್ಯಾಲಯ ತೆರೆಯುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಅವರು ಇಲ್ಲಿನ ಮೀನುಗಾರರ ಜೊತೆ ಕೆಲಸ ಮಾಡುತ್ತಿದ್ದರು. ಇಲ್ಲಿ ಮೀನು ಹಿಡಿಯುವ ರೀತಿಯೇ ಅದಕ್ಕೆ ಕಾರಣ. ದಡದ ಹತ್ತಿರ ಕಡಲಿನಲ್ಲಿ ದೊಡ್ಡ ಬಲೆಯನ್ನು ಒಂದೇ ಕಡೆ ಕಟ್ಟಿ ಬಿಡುತ್ತಾರೆ. ಮೀನು ತಾನಾಗಿ ಒಳಗೆ ಬರುತ್ತದೆ, ಬೆಳಿಗ್ಗೆ ಹೋಗಿ ಎತ್ತುತ್ತಾರೆ. ಮುರೊಟೊ ಬಳಿ ಕಡಲ ತಳ ದಡ ಬಿಟ್ಟು ಸ್ವಲ್ಪ ದೂರಕ್ಕೇ ತಟ್ಟನೆ ಆಳಕ್ಕೆ ಇಳಿಯುತ್ತದೆ. 1989ರಲ್ಲಿ ಜಪಾನಿನಲ್ಲೇ ಮೊದಲ ಬಾರಿಗೆ ದಡದಿಂದಲೇ ಆಳಸಮುದ್ರದ ನೀರನ್ನು ಮೇಲೆತ್ತುವ ಕೇಂದ್ರ ಶುರುವಾದದ್ದೂ ಇಲ್ಲೇ. ಹಾಗಾಗಿ ಬಲೆಗೆ ಬರುವುದು ಒಂದೆರಡು ಜಾತಿಯ ಮೀನಲ್ಲ. ಬಂಗುಡೆಯ ಬಳಗದ ಮೀನು, ತೊರಕೆ, ಶಾರ್ಕ್, ಜೊತೆಗೆ ಆಮೆ. ಮೀನುಗಾರನಿಗೆ ಆಮೆ ಬೇಡದ ಸರಕು. ಸಂಘದವರಿಗೆ ಅದೇ ಚಿನ್ನ. ಅಳತೆ ತೆಗೆದು, ಗುರುತಿನ ಪಟ್ಟಿ ಹಾಕಿ, ಮತ್ತೆ ಕಡಲಿಗೆ ಬಿಡುತ್ತಿದ್ದರು.

ಈಗ ನೋಡಿ. ಒಂದು ಕಡೆ ಕಡಲಿನ ಎದುರಿಗೇ ಖಾಲಿ ನಿಂತ ಕಟ್ಟಡ. ಇನ್ನೊಂದು ಕಡೆ ಕಡಲ ಪ್ರಾಣಿಗಳ ನಡುವೆಯೇ ಬದುಕುವ, ಜಾಗ ಬೇಕಾಗಿರುವ ಜನ. ಇವರು ಹೊರಗಿನಿಂದ ಟೆಂಡರ್ ನೋಡಿ ಬಂದವರಲ್ಲ. ಆಗಲೇ ಅಲ್ಲಿದ್ದವರು. ಮೀನುಗಾರರ ಹೆಸರು ಗೊತ್ತಿದ್ದವರು, ಯಾವ ತಿಂಗಳಲ್ಲಿ ಬಲೆಗೆ ಏನು ಬರುತ್ತದೆ ಎಂದು ತಿಳಿದವರು.

ಇಡೀ ಪ್ರಕರಣದ ಬೇರು ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಸ್ಥಳೀಯ ಸರ್ಕಾರಗಳು ಹೋಗುವುದು ಉಲ್ಟಾ ದಾರಿಯಲ್ಲಿ. ಮೊದಲು ದುಡ್ಡು ಮಂಜೂರು, ಆಮೇಲೆ ಬಣ್ಣ, ಹೊಸ ಟೈಲ್ಸ್, ಲಿಫ್ಟ್. ಉದ್ಘಾಟನೆ ಆದ ಮೇಲೆ ‘ಇದನ್ನು ಯಾರು ನಡೆಸುತ್ತಾರೆ?’ ಎಂಬ ಪ್ರಶ್ನೆ. ಅಷ್ಟರಲ್ಲಿ ಕೋಣೆಯ ಅಳತೆ, ಪೈಪು, ಕರೆಂಟಿನ ಲೋಡು ಎಲ್ಲಾ ಯಾರಿಗೂ ಸರಿಹೊಂದದ ಹಾಗೆ ನಿಗದಿಯಾಗಿರುತ್ತದೆ. ಮುರೊಟೊದಲ್ಲಿ ಬಳಸುವವರು ಮೊದಲೇ ಗೊತ್ತಿದ್ದರು. ತರಗತಿಯಲ್ಲಿ ಎಷ್ಟು ದೊಡ್ಡ ತೊಟ್ಟಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂದು ಹೇಳಬೇಕಾದವರು ಅವರೇ ತಾನೇ.

ಜಪಾನಿನಲ್ಲಿ ಇದನ್ನು ಕ್ರಮಬದ್ಧವಾಗಿ ಮಾಡುವ ಒಂದು ಪದ್ಧತಿಯೂ ಇದೆ. ‘ಸೌಂಡಿಂಗ್’ ಎನ್ನುತ್ತಾರೆ. ಟೆಂಡರ್ ಕರೆಯುವ ಮೊದಲೇ ಅಧಿಕಾರಿಗಳು ಆಸಕ್ತಿ ಇರುವವರ ಜೊತೆ ಕೂತು ಮಾತಾಡುತ್ತಾರೆ. ಈ ಕಟ್ಟಡ ನಿಮಗೆ ಬೇಕಾ, ಎಷ್ಟು ವರ್ಷಕ್ಕೆ, ಯಾವ ಷರತ್ತು ಹಾಕಿದರೆ ನೀವು ಓಡಿ ಹೋಗುತ್ತೀರಿ ಎಂದು ಕೇಳುತ್ತಾರೆ. ಮಾತಾಡಿದವರಿಗೇ ಕೊಡಬೇಕೆಂದೇನಿಲ್ಲ, ಆದರೆ ಟೆಂಡರಿನ ಕಾಗದ ಬರೆಯುವಾಗ ಕಾಲಿಗೆ ನೆಲ ಸಿಕ್ಕಿರುತ್ತದೆ. ಕೆಲವು ನಗರಸಭೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ದಿನ ಕಟ್ಟಡವನ್ನು ಪ್ರಯೋಗಕ್ಕೆ ಬಿಟ್ಟುಕೊಡುತ್ತವೆ. ನಡೆಸಿ ನೋಡಿ, ಆಮೇಲೆ ಮಾತಾಡೋಣ ಅಂತ.

ಲೆಕ್ಕ ಹಾಕಿದರೆ

ಮತ್ಸ್ಯಾಲಯ ಮಾಡಲು 50 ಕೋಟಿ ಯೆನ್‌ಗೂ ಜಾಸ್ತಿ ಖರ್ಚಾಯಿತು. ತೆರೆದಾಗ ಟಿಕೆಟ್ ದೊಡ್ಡವರಿಗೆ 600 ಯೆನ್, ಶಾಲಾ ಮಕ್ಕಳಿಗೆ 300. ವರ್ಷಕ್ಕೆ 40,000 ಜನ ಬಂದರೆ ಸಾಕು ಎಂಬುದು ಶುರುವಿನ ಅಂದಾಜು.

ಎಲ್ಲರೂ ದೊಡ್ಡವರೇ ಎಂದು ಹಿಡಿಯೋಣ. 40,000 ಗುಣಿಸು 600, ಅಂದರೆ ವರ್ಷಕ್ಕೆ 2.4 ಕೋಟಿ ಯೆನ್. ಸಂಬಳ ಬೇಡ, ಕರೆಂಟ್ ಬೇಡ, ಆಮೆಗೆ ಊಟವೂ ಬೇಡ ಎಂದುಕೊಂಡರೂ ಹಾಕಿದ ಬಂಡವಾಳ ವಾಪಸ್ ಬರಲು 20 ವರ್ಷ ಮೀರುತ್ತದೆ. ನಿಜವಾದ ಖರ್ಚು ಸೇರಿಸಿದರೆ ಎಂದಿಗೂ ಬರುವುದಿಲ್ಲ. ಹಾಗಾಗಿ ‘ನಿಮ್ಮದೇ ದುಡ್ಡಲ್ಲಿ ಸರಿ ಮಾಡಿಕೊಂಡು ನಡೆಸಿ’ ಎಂದು ನಗರಸಭೆ ಹೇಳಿದ್ದರೆ ಯಾರೂ ಬರುತ್ತಿರಲಿಲ್ಲ. ಬಂದರೂ ಉಳಿಯುತ್ತಿರಲಿಲ್ಲ.

ಹಾಗಾಗಿ ಭಾರವನ್ನು ಹಂಚಿದರು. ಕಟ್ಟಡ ನಗರಸಭೆಯದ್ದಾಗಿಯೇ ಉಳಿಯಿತು. ರಿಪೇರಿ, ಬದಲಾವಣೆಯ ದೊಡ್ಡ ಬಂಡವಾಳ ಸಾರ್ವಜನಿಕ ಹಣದ್ದು. ದಿನದಿನದ ಆಟ ಸಂಘದ್ದು. ಕಾನೂನಿನ ಪ್ರಕಾರ ಇದು ‘ಗೊತ್ತುಪಡಿಸಿದ ನಿರ್ವಾಹಕ’ ಎಂಬ ಪದ್ಧತಿ. ಜಪಾನಿನ ಸ್ಥಳೀಯ ಸ್ವಾಯತ್ತತೆ ಕಾಯ್ದೆಗೆ 2003ರಲ್ಲಿ ತಿದ್ದುಪಡಿ ತಂದು ಇದನ್ನು ಸೇರಿಸಿದರು. ಅದಕ್ಕೂ ಮೊದಲು ಸಾರ್ವಜನಿಕ ಸೌಲಭ್ಯಗಳನ್ನು ಸರ್ಕಾರಕ್ಕೆ ಹತ್ತಿರದ ಸಂಸ್ಥೆಗಳಿಗೆ ಮಾತ್ರ ವಹಿಸಬಹುದಿತ್ತು. ತಿದ್ದುಪಡಿಯ ನಂತರ ಕಂಪನಿ, ಸಂಘ, ಯಾವುದೇ ಸಂಸ್ಥೆಗೆ ವಹಿಸಬಹುದು. ಆದರೆ ಅಧಿಕಾರಿ ಒಬ್ಬರೇ ಸಹಿ ಹಾಕಿ ಕೊಡುವ ಹಾಗಿಲ್ಲ. ಜನ ಆರಿಸಿದ ಸದಸ್ಯರ ಸಭೆಯಲ್ಲಿ ಹೆಸರು ಮಂಡಿಸಿ, ಎಷ್ಟು ವರ್ಷಕ್ಕೆ ಎಂದು ಹೇಳಿ, ಒಪ್ಪಿಗೆ ಪಡೆಯಬೇಕು. ಟಿಕೆಟ್ ಹಣವನ್ನು ನಡೆಸುವವರೇ ತಮ್ಮ ಆದಾಯವಾಗಿ ಇಟ್ಟುಕೊಳ್ಳುವಂತೆ ಮಾಡಲೂ ಅವಕಾಶವಿದೆ.

ಈ ಕೊನೆಯ ಸಾಲು ಸಣ್ಣದಾಗಿ ಕಂಡರೂ ಎಲ್ಲವನ್ನೂ ಬದಲಿಸುತ್ತದೆ. ಟಿಕೆಟ್ ಹಣ ಖಜಾನೆಗೆ ಹೋಗಿ, ನಡೆಸುವವರಿಗೆ ತಿಂಗಳಿಗೆ ಇಷ್ಟು ಎಂದು ಬರುತ್ತದೆ ಅಂದುಕೊಳ್ಳಿ. ಒಬ್ಬರು ಬಂದರೂ ಅಷ್ಟೇ, ಸಾವಿರ ಜನ ಬಂದರೂ ಅಷ್ಟೇ. ಹೊಸದನ್ನು ಯೋಚಿಸಲು ಯಾರಿಗೆ ಮನಸ್ಸು ಬರುತ್ತದೆ? ಬಾಗಿಲಲ್ಲಿ ಬಂದ ದುಡ್ಡು ಅವರದ್ದೇ ಆದರೆ ಮಾತೇ ಬೇರೆ.

ಜನ ಬಂದರು. ಮೊದಲ ವರ್ಷ ತುಂಬುವ ಮೊದಲೇ ಒಂದು ಲಕ್ಷ ದಾಟಿದರು. ಊರಿನ ಜನಸಂಖ್ಯೆ ಹದಿನೈದು ಸಾವಿರವೂ ಇಲ್ಲ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಮೀನು ಕೊಳ್ಳುವುದಿಲ್ಲ

ದೊಡ್ಡ ಮತ್ಸ್ಯಾಲಯಗಳಲ್ಲಿ ಡಾಲ್ಫಿನ್ ಇರುತ್ತದೆ, ಪೆಂಗ್ವಿನ್ ಇರುತ್ತದೆ. ಮುರೊಟೊದಲ್ಲಿ ಎರಡೂ ಇಲ್ಲ. ಇಲ್ಲಿನ ನಿಯಮ ಸರಳ: ಮೀನು ದುಡ್ಡು ಕೊಟ್ಟು ತರುವುದಿಲ್ಲ. ಬಲೆಯಲ್ಲಿ ಬಂದದ್ದು, ಸಿಬ್ಬಂದಿಯೇ ಗಾಳ ಹಾಕಿ ಹಿಡಿದದ್ದು, ಊರಿನವರು ತಂದುಕೊಟ್ಟದ್ದು. ಅಷ್ಟೇ. ಪ್ರದರ್ಶನದಲ್ಲಿ ಸುಮಾರು 50 ಜಾತಿಯ ಜೀವಿಗಳಿವೆ. ಬಹಳಷ್ಟು ಮಾರುಕಟ್ಟೆಯಲ್ಲಿ ತಟ್ಟೆಗೆ ಹೋಗುವ ಮೀನುಗಳೇ.

ಇದು ಬಡತನದ ಉಪಾಯ ಎಂದು ಮೊದಲು ಅನಿಸಬಹುದು. ನನಗೆ ಇದು ಈ ಪ್ರಕರಣದ ಅತಿ ಜಾಣ ನಿರ್ಧಾರ ಅನಿಸುತ್ತದೆ. ದೂರದಿಂದ ಜೀವಂತ ಪ್ರಾಣಿ ತರುವುದು ಮತ್ಸ್ಯಾಲಯದ ದೊಡ್ಡ ಖರ್ಚುಗಳಲ್ಲಿ ಒಂದು. ಅದು ಇಲ್ಲಿ ಇಲ್ಲ. ಮೀನು ಸತ್ತರೆ ಅಥವಾ ಬಿಟ್ಟುಬಿಟ್ಟರೆ, ನಾಳೆಯ ಬಲೆಯಲ್ಲಿ ಇನ್ನೇನೋ ಬರುತ್ತದೆ. ಹಾಗಾಗಿ ಪ್ರದರ್ಶನ ಬದಲಾಗುತ್ತಲೇ ಇರುತ್ತದೆ, ಒಮ್ಮೆ ಬಂದವರು ಮತ್ತೆ ಬರಲು ಕಾರಣ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ, ಮೀನುಗಾರರಿಗೂ ಈ ಜಾಗ ತಮ್ಮದು ಅನಿಸುತ್ತದೆ. ನಾನು ಹಿಡಿದ ಶಾರ್ಕ್ ಅಲ್ಲಿದೆ ಎಂದು ಹೇಳಿಕೊಳ್ಳಬಹುದು. ಇದನ್ನು ಯಾವ ಸಲಹಾ ಕಂಪನಿಯ ವರದಿಯೂ ತಂದುಕೊಡುವುದಿಲ್ಲ.

ಸಂಘದವರಿಗೆ ತಮಾಷೆಯ ಬುದ್ಧಿಯೂ ಇದೆ. ‘ಬುರಿ’ ಎಂಬ ಮೀನಿನ ಆಕಾರದ ಬಟ್ಟೆ ಗೊಂಬೆಯನ್ನು ಚೀಟಿ ಎತ್ತುವ ಆಟವಾಗಿ ಮಾರುತ್ತಾರೆ. ಜನ ಅದಕ್ಕೆ ಮುಗಿಬೀಳುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಇಂಥ ಪ್ರಸ್ತಾವ ಬಂದಿದ್ದರೆ ಕಡತ ಎಷ್ಟು ಮೇಜು ಸುತ್ತುತ್ತಿತ್ತು ಅಂತ ಯೋಚಿಸಿ. ಖಾಸಗಿಯವರ ಕೈಗೆ ಕೊಡುವುದರ ಲಾಭ ಎಂದರೆ ಹಣ ಮಾತ್ರ ಅಲ್ಲ. ಈ ಥರದ ಚಿಕ್ಕ ನಿರ್ಧಾರಗಳನ್ನು ಬೆಳಿಗ್ಗೆ ಯೋಚಿಸಿ ಸಂಜೆಯೊಳಗೆ ಮಾಡುವ ಸ್ವಾತಂತ್ರ್ಯ.

ಕಟ್ಟಡ ತಾನಾಗಿ ಕೊಟ್ಟದ್ದು, ಕೊಡದೇ ಇದ್ದದ್ದು

ಶಾಲೆಯನ್ನು ಮತ್ಸ್ಯಾಲಯ ಮಾಡುವುದು ಹೇಳಿದಷ್ಟು ಸುಲಭವಲ್ಲ. ಜಪಾನಿನ ಕಟ್ಟಡ ನಿಯಮದಲ್ಲಿ ತರಗತಿಯ ನೆಲಕ್ಕೆ ಲೆಕ್ಕ ಹಾಕುವುದು ಚದರ ಮೀಟರಿಗೆ 2,300 ನ್ಯೂಟನ್ ಭಾರ. ಕಿಲೋದಲ್ಲಿ ಹೇಳಿದರೆ ಸುಮಾರು 235. ಮಕ್ಕಳು, ಬೆಂಚು, ಮೇಜು, ಪುಸ್ತಕಕ್ಕೆ ಅಷ್ಟು ಸಾಕು. ಆದರೆ ಒಂದು ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೆ ಚದರ ಮೀಟರಿಗೆ 1,000 ಕಿಲೋ ಆಗುತ್ತದೆ. ನಾಲ್ಕು ಪಟ್ಟು ಮೀರಿತು. ಹಾಗಾಗಿ ಮೇಲಿನ ಮಹಡಿಯಲ್ಲಿ ತೊಟ್ಟಿ ಇಡಬೇಕಾದರೆ ಎಲ್ಲಿ ಇಡಬೇಕು, ಎಷ್ಟು ಆಳ, ಕೆಳಗೆ ಯಾವ ತೊಲೆ ಇದೆ ಎಂಬುದೆಲ್ಲಾ ಎಂಜಿನಿಯರ್ ಹೇಳಬೇಕು. ಉಪ್ಪು ನೀರು ಕಬ್ಬಿಣ ತಿನ್ನುತ್ತದೆ, ಅದು ಇನ್ನೊಂದು ತಲೆನೋವು.

ಆದರೆ ಈಜುಕೊಳ ನೋಡಿ. 25 ಮೀಟರ್ ಉದ್ದ. ಅಗಲ 10, ಆಳ ಒಂದು ಮೀಟರ್ ಎಂದು ಹಿಡಿದರೂ 250 ಟನ್ ನೀರು. ಇಷ್ಟು ದೊಡ್ಡ ತೊಟ್ಟಿಯನ್ನು ಹೊಸದಾಗಿ ಕಟ್ಟಲು ಹೋಗಿದ್ದರೆ ಯೋಜನೆಯ ಬಜೆಟ್ಟೇ ಅಲ್ಲಿ ಮುಗಿಯುತ್ತಿತ್ತು. ಅದು ಆಗಲೇ ಇತ್ತು. ನೆಲದ ಮೇಲೆ ಇತ್ತು, ನೀರು ನಿಲ್ಲಿಸುವುದಕ್ಕೇ ಕಟ್ಟಿದ್ದು. ಶಾರ್ಕಿಗೆ ಓಡಾಡಲು ಜಾಗವೂ ಬೇಕಲ್ಲ. ಖಾಲಿ ಕಟ್ಟಡ ನೋಡಲು ಹೋದವರು ಸಾಮಾನ್ಯವಾಗಿ ಏನು ಹಾಳಾಗಿದೆ ಎಂದು ಪಟ್ಟಿ ಮಾಡುತ್ತಾರೆ. ಇಲ್ಲಿ ಏನು ಉಚಿತವಾಗಿ ಸಿಗುತ್ತಿದೆ ಎಂದು ನೋಡಿದ್ದಾರೆ. ಕೈ ತೊಳೆಯುವ ತೊಟ್ಟಿ ಮಕ್ಕಳ ಎತ್ತರಕ್ಕೇ ಇತ್ತು. ಮಕ್ಕಳು ಕೈ ಹಾಕಿ ನೋಡುವ ತೊಟ್ಟಿಗೆ ಬೇಕಾದ ಎತ್ತರವೂ ಅದೇ.

ಶಾಲೆಯ ಗುರುತನ್ನು ಅಳಿಸಲೂ ಹೋಗಲಿಲ್ಲ. ಹಳೆಯ ಶಾಲೆಯ ಸಾಮಾನುಗಳು ಇಂದಿಗೂ ಒಳಗಿವೆ. ವಿಜ್ಞಾನದ ಕೋಣೆ ವಿಜ್ಞಾನದ ಕೋಣೆಯ ಹಾಗೇ ಇದೆ, ಅಲ್ಲಿ ಕಡಲ ಜೀವಿಗಳ ಮಾದರಿಗಳು. ಗೋಡೆ ಒಡೆದು ಹೊಳೆಯುವ ಹಾಲ್ ಮಾಡಿದ್ದರೆ ಖರ್ಚೂ ಜಾಸ್ತಿ, ಮಜಾನೂ ಕಡಿಮೆ.

ಬಳಕೆ ಬದಲಾದಾಗ ಬರುವ ಕಾಗದಪತ್ರದ ಬಗ್ಗೆ ಒಂದು ಮಾತು. ಶಾಲೆಗೆ ಇರುವ ಬೆಂಕಿ ಸುರಕ್ಷೆಯ ನಿಯಮ ಬೇರೆ, ಜನ ಸೇರುವ ಪ್ರದರ್ಶನಕ್ಕೆ ಬೇರೆ. ಜಪಾನಿನಲ್ಲಿ 1981ರಲ್ಲಿ ಭೂಕಂಪ ತಡೆಯುವ ನಿಯಮ ಗಟ್ಟಿಯಾಯಿತು. ಅದಕ್ಕಿಂತ ಹಳೆಯ ಕಟ್ಟಡವಾದರೆ ಬಲಪಡಿಸುವ ಖರ್ಚು ಬರಬಹುದು. ಬಳಕೆ ಬದಲಿಸಲು 100 ಚದರ ಮೀಟರ್ ಮೀರಿದರೆ ಹೊಸದಾಗಿ ಕಟ್ಟಡ ಪರಿಶೀಲನೆ ಬೇಕಾಗುತ್ತಿತ್ತು. 2019ರಲ್ಲಿ ಆ ಮಿತಿಯನ್ನು 200 ಚದರ ಮೀಟರಿಗೆ ಏರಿಸಿದರು. ಸಣ್ಣ ಅಂಗಡಿ, ಸಣ್ಣ ಕಾರ್ಯಾಗಾರ ಮಾಡುವವರಿಗೆ ಇದು ಉಸಿರು ಬಿಟ್ಟ ಹಾಗಾಯಿತು. ಮೂರು ಮಹಡಿಯ ಮತ್ಸ್ಯಾಲಯಕ್ಕೆ ಇದರಿಂದ ಏನೂ ಉಪಯೋಗವಿಲ್ಲ ಬಿಡಿ.

ಏನು ಬದಲಾಗಲಿಲ್ಲ

ಮುರೊಟೊದ ಜನಸಂಖ್ಯೆ 2010ರಲ್ಲಿ 15 ಸಾವಿರ ದಾಟಿತ್ತು. 2020ರ ಗಣತಿಯಲ್ಲಿ 12 ಸಾವಿರಕ್ಕಿಂತ ಕೆಳಗೆ ಬಂತು. ಮತ್ಸ್ಯಾಲಯ ಅದನ್ನು ತಡೆಯಲಿಲ್ಲ. ತಡೆಯುತ್ತದೆ ಎಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಒಂದು ಕಟ್ಟಡಕ್ಕೆ ಕೆಲಸ ಸಿಕ್ಕಿತು, ಊರಿನ ಹೆಸರು ನಾಲ್ಕು ಜನರ ಬಾಯಲ್ಲಿ ಬಂತು, ಹೆದ್ದಾರಿಯಲ್ಲಿ ಹೋಗುವವರು ನಿಲ್ಲಿಸತೊಡಗಿದರು. 2021ರ ಕೊನೆಯಲ್ಲಿ ಪಕ್ಕದ ಕಡಲ ತೀರದ ರೈಲು ಕಂಪನಿಯೊಂದು ರಸ್ತೆಯಲ್ಲೂ ಹಳಿಯಲ್ಲೂ ಓಡುವ ಬಸ್ಸು ಶುರು ಮಾಡಿತು. ವಾರಾಂತ್ಯದಲ್ಲಿ ಅದು ಮುರೊಟೊದವರೆಗೂ ಬರುತ್ತದೆ, ಮತ್ಸ್ಯಾಲಯದ ಮುಂದೆ ನಿಲ್ಲುತ್ತದೆ. ರೈಲೇ ಇಲ್ಲದ ಊರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಇದನ್ನೆಲ್ಲಾ ‘ಊರು ಉದ್ಧಾರವಾಯಿತು’ ಎಂದು ಬರೆದರೆ ಸುಳ್ಳಾಗುತ್ತದೆ.

ಇನ್ನೊಂದು ಎಚ್ಚರ. ಮುರೊಟೊ ನೋಡಿ ‘ನಾವೂ ಒಂದು ಮತ್ಸ್ಯಾಲಯ ಮಾಡೋಣ’ ಎಂದು ಹೊರಟರೆ ಕೆಟ್ಟಿತು. ಅಲ್ಲಿ ಕೆಲಸ ಮಾಡಿದ್ದು ಮತ್ಸ್ಯಾಲಯ ಎಂಬ ಐಡಿಯಾ ಅಲ್ಲ. ಎದುರಿಗೇ ಆಳದ ಕಡಲು, ನಿಂತ ಬಲೆ, ವರ್ಷಗಟ್ಟಲೆ ಅಲ್ಲೇ ಕೆಲಸ ಮಾಡುತ್ತಿದ್ದ ಸಂಘ, ಎಲ್ಲವೂ ಒಂದೇ ಕಡೆ ಇದ್ದವು. ಬೇರೆ ಕಡೆ ಅದು ಮರಗೆಲಸದವರಾಗಬಹುದು, ಅಣಬೆ ಬೆಳೆಯುವವರಾಗಬಹುದು, ಜಾಗವಿಲ್ಲದೆ ಒದ್ದಾಡುತ್ತಿರುವ ಒಂದು ಪ್ರಯೋಗಾಲಯವಾಗಬಹುದು. ಅಧಿಕಾರಿಗಳು ಕಟ್ಟಡದ ಬೀಗದ ಕೈ ಹಿಡಿದುಕೊಂಡು ಕೂರುವ ಬದಲು ಊರಲ್ಲಿ ಯಾರಿಗೆ ಜಾಗ ಸಾಲುತ್ತಿಲ್ಲ ಎಂದು ವಿಚಾರಿಸಲು ಹೊರಟರೆ ಅಂಥವರು ಸಿಗುವ ಸಾಧ್ಯತೆ ಜಾಸ್ತಿ.

‘ಖಾಸಗಿ’ ಎಂದರೆ ಕಂಪನಿಯೇ ಎಂದುಕೊಳ್ಳುವುದೂ ಒಂದು ತಪ್ಪು. ಲೆಕ್ಕ ನೋಡಿದೆವಲ್ಲ, 40,000 ಜನರ ಅಂದಾಜಿನಲ್ಲಿ ಯಾವ ಕಂಪನಿಗೂ ಆಸೆ ಹುಟ್ಟುವುದಿಲ್ಲ. ಸಂಘಕ್ಕೆ ಲಾಭದ ಲೆಕ್ಕ ಬೇರೆ. ಅವರಿಗೆ ಆಮೆಗಳನ್ನು ಗಮನಿಸಲು ಜಾಗ ಸಿಕ್ಕಿತು, ಜನರಿಗೆ ಹೇಳಲು ವೇದಿಕೆ ಸಿಕ್ಕಿತು.

ಅವಧಿ ಮುಗಿದ ಮೇಲೆ

ಇಂಥ ಒಪ್ಪಂದಗಳಲ್ಲಿ ಎಲ್ಲರೂ ಶುರುವಿನ ಬಗ್ಗೆ ಮಾತಾಡುತ್ತಾರೆ, ಕೊನೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಟೋಕಿಯೊ ನಡುವಿನ ಚಿಯೊಡಾ ವಾರ್ಡಿನ ಉದಾಹರಣೆ ನೋಡಿ. 2005ರಲ್ಲಿ ಮುಚ್ಚಿದ ರೆನ್ಸೇ ಎಂಬ ಮಾಧ್ಯಮಿಕ ಶಾಲೆ 2010ರಲ್ಲಿ ‘3331 ಆರ್ಟ್ಸ್ ಚಿಯೊಡಾ’ ಎಂಬ ಕಲಾ ಕೇಂದ್ರವಾಯಿತು. ಕಲಾವಿದರು ಕಟ್ಟಿದ ಖಾಸಗಿ ಸಂಸ್ಥೆಯೊಂದು ಅದನ್ನು ನಡೆಸಿತು. ಹೆಸರಿನ 3331 ಎಂಬುದು ಸಂತೋಷದ ಕೆಲಸ ಮುಗಿದಾಗ ಜಪಾನಿನಲ್ಲಿ ಹೊಡೆಯುವ ಚಪ್ಪಾಳೆಯ ತಾಳ: ಮೂರು, ಮೂರು, ಮೂರು, ಒಂದು. ಶಾಲೆಯ ಮುಂದಿನ ಉದ್ಯಾನಕ್ಕೂ ಕಟ್ಟಡಕ್ಕೂ ಮರದ ಅಟ್ಟಣೆ ಹಾಕಿ ಸೇರಿಸಿದರು. ಊಟದ ಡಬ್ಬಿ ತಂದು ಅಲ್ಲೇ ಕೂರುವವರು, ಒಳಗಿನ ಗ್ಯಾಲರಿಗೆ ಬರುವವರು ಬೆರೆತುಹೋದರು. ಒಳ್ಳೆಯ ಹೆಸರೂ ಬಂತು. 2023ರ ಮಾರ್ಚ್‌ನಲ್ಲಿ ಅವಧಿ ಮುಗಿಯಿತು, ಕಟ್ಟಡಕ್ಕೆ ದೊಡ್ಡ ರಿಪೇರಿ ಬಂತು, ಕೇಂದ್ರ ಮುಚ್ಚಿತು. ಕಟ್ಟಡ ವಾರ್ಡಿನದ್ದು, ವಾರ್ಡಿಗೆ ಉಳಿಯಿತು. 3331 ಎಂಬ ಹೆಸರು ನಡೆಸಿದವರ ಜೊತೆ ಹೋಯಿತು. 13 ವರ್ಷ ಕಟ್ಟಿದ ಹೆಸರು, ಸಂಪರ್ಕ, ರೂಢಿ ಇವೆಲ್ಲಾ ಗೋಡೆಯಲ್ಲಿ ಇರಲಿಲ್ಲ, ಜನರಲ್ಲಿತ್ತು.

ಮುರೊಟೊದ ಒಪ್ಪಂದವೂ ಅವಧಿಯದ್ದೇ. ಅವಧಿ ಮುಗಿದಾಗ ಸಭೆ ಮತ್ತೆ ಒಪ್ಪಬೇಕು. ಕಟ್ಟಡ ವರ್ಷ ವರ್ಷ ಹಳತಾಗುತ್ತದೆ, ಉಪ್ಪು ಗಾಳಿ ಎದುರಿಗೇ ಇದೆ. ದೊಡ್ಡ ರಿಪೇರಿ ಬಂದಾಗ ಯಾರ ಜೇಬು, ಸಾಂಕ್ರಾಮಿಕ ಬಂದು ತಿಂಗಳುಗಟ್ಟಲೆ ಬಾಗಿಲು ಹಾಕಬೇಕಾದರೆ ಸಿಬ್ಬಂದಿಯ ಸಂಬಳ ಯಾರದ್ದು, ನಡೆಸುವವರು ಬದಲಾದರೆ ಗೊಂಬೆಯ ವಿನ್ಯಾಸ ಯಾರದ್ದು, ಹೆಸರು ಯಾರದ್ದು. ಇವನ್ನು ಮೊದಲ ದಿನವೇ ಬರೆದಿಡಬೇಕು. ಉದ್ಘಾಟನೆಯ ಸಂಭ್ರಮದಲ್ಲಿ ಇಂಥ ಪ್ರಶ್ನೆ ಕೇಳಿದವರನ್ನು ಅಪಶಕುನ ಅನ್ನುವ ಹಾಗೆ ನೋಡುತ್ತಾರೆ, ಅದೂ ನಿಜ. ಆದರೂ ಕೇಳಬೇಕು.

ಕಲಾ ಕೇಂದ್ರ ಮುಚ್ಚಿದರೆ ಚಿತ್ರ, ಕುರ್ಚಿ, ದೀಪ ಗಂಟು ಕಟ್ಟಿಕೊಂಡು ಹೋಗಬಹುದು. ಇಲ್ಲಿ ಒಳಗಿರುವುದು ಜೀವ ಇರುವ ಸಾಮಾನು. ಆದರೆ ಆ ಒಂದು ವಿಷಯದಲ್ಲಿ ಮುರೊಟೊದವರಿಗೆ ಚಿಂತೆ ಕಡಿಮೆ. ಬಲೆಯಲ್ಲಿ ಬಂದ ಆಮೆಗೆ ಪಟ್ಟಿ ಹಾಕಿ ವಾಪಸ್ ಬಿಡುವುದು ಸಂಘದವರಿಗೆ ಮೊದಲಿನಿಂದ ರೂಢಿಯ ಕೆಲಸ. ಕಡಲು ರಸ್ತೆಯ ಆಚೆಗೇ ಇದೆ.